ಅರ್ಧಾ ಹುಬ್ಬಳ್ಳಿ, ಅರ್ಧಾ ಧಾರವಾಡದ ರಾಕೆಟ್ಟು

ನಾ ಮಾಡಿದಷ್ಟು ರಾಕೆಟ್ ಹುಬ್ಬಳ್ಳಿ-ಧಾರವಾಡದಾಗ ಯಾರೂ ಮಾಡಿಲ್ಲ. ಬಡಾಯಿ ಅಲ್ರಿ ಇದು. ಬ್ಯಾರೆ ಯಾರೂ ಮಾಡಾಕ ಹೋಗೇ ಇಲ್ಲ, ಹಂಗಾಗಿ ಪೈಲಾ ನಂಬರ್ ನಂದ. ಒಂದೂ ಹಾರಿಲ್ಲ. ಹಾರೂವಂಥಾವು ದೀಪಾವಳಿಗೆ ಓಣ್ಯಾಗಿನ ಹುಡುಗ್ರ ಹತ್ರ ಬೇಕಾದಷ್ಟು ಇರತಾವ. ಹಾರಲಾರದ್ದು, ಆದ್ರ ಖರೇ ರಾಕೆಟ್ಟಿನ ಒಂದೊಂದು ಮೊಳಿ, ಒಂದೊಂದು ಪಟ್ಟಿ ಇದ್ದಲ್ಲೇ ಇರೂವಂಥಾದ್ದು ಮಾಡೂದೈತೆಲ್ಲ, ಅದಕ್ಕ ಕೈ ಬೇಕು. ನನ್ನ ಹತ್ರ ಅಂಥಾವು ಎರಡು ಅದಾವ.

ಹೊಟ್ಟಿಪಾಡಿಗೆ ನಾ ಪ್ಯಾಟರ್ನ್ ಮಾಡಾವ. ಗೋಕುಲ ರಸ್ತೆ ಕಡೆ ಒಂದು ಎರಕದ ಕಾರ್ಖಾನ್ಯಾಗ ಕೆಲಸ ಇತ್ತು. ತಿಳೀಲಾರದವ್ರಿಗೆ ಹೇಳ್ತೇನಿ: ಪಂಪಿನ ಮೈ ಆಗ್ಲಿ, ನಳದ ವಾಲ್ವ್ ಆಗ್ಲಿ, ಕಬ್ಬಿಣದಾಗ ಬರೂಕಿಂತ ಮೊದಲ ಕಟಗಿಯಾಗ ಬರಬೇಕು. ಆ ಕಟಗೀದನ್ನ ಉಸುಕಿನಾಗ ಒತ್ತಿ ತಗದ್ರ ಅದರ ಆಕಾರದ ಗುಣಿ ಉಳೀತೈತಿ. ಅದರಾಗ ಕರಗಿದ ಬೀಡು ಕಬ್ಬಿಣ ಹೊಯ್ತಾರ. ಊರಾಗಿನ ಕಬ್ಬಿಣದ ಸಾಮಾನಿಗೆಲ್ಲಾ ಅಪ್ಪ ಯಾರು ಅಂದ್ರ ನಾನ. ನಮ್ಮ ಮಾಲಕ ಬಿಲ್ಲಿನ ಮ್ಯಾಲೆ ತನ್ನ ಹೆಸರು ಹಾಕ್ಕೊಂತಿದ್ದ, ಹಾಕ್ಕೊಳ್ಳಿ ಬಿಡ್ರಿ.

ಮನಿ ಗೋಪನಕೊಪ್ಪದಾಗ. ಹಿತ್ತಲದಾಗ ಪತ್ರಾಸಿನ ಶೆಡ್ಡು. ರವಿವಾರ ಅಲ್ಲೆ ಕುಂತು ಸಾಗವಾನಿ ತುಂಡು ಕೆತ್ತಾಕತ್ರ ಬಾಜೂಮನಿ ಕಾಕಾ ಕಂಪೌಂಡಿನ ಮ್ಯಾಲೆ ಗದ್ದ ಇಟ್ಟು ನಿಂದರತಿದ್ದ.

"ಏನದು, ಲಟ್ಟಣಿಗಿ?"

"ಹಗೂರ ಮಾತಾಡ್ರಿ ಕಾಕಾ. ಕಳಸಾ ಇದು. ದಿಲ್ಲಿಯಾಗ ಪಾರ್ಲಿಮೆಂಟಿನ ಮ್ಯಾಲೆ ಕೂಡ್ರಸ್ತಾರಂತ. ಗುಟ್ಟಿನ ಆರ್ಡರ್ರು. ಯಾರಿಗೂ ಹೇಳಬ್ಯಾಡ್ರಿ."

ಯಾರಿಗೂ ಹೇಳಬ್ಯಾಡ್ರಿ ಅಂದ್ರ ಕಾಕಾನ ಕಡಿಂದ ಡಂಗುರಾ ಸಾರಿಸಿದಂಗ. ಸಂಜಿ ಅನ್ನೂದ್ರಾಗ ಬೆಂಗೇರಿಯಿಂದ ಮಂದಿ ನೋಡಾಕ ಬಂದ್ರು. ಒಬ್ಬಾಕಿ ಮುದುಕಿ ಟೆಂಗಿನಕಾಯಿ ಸೈತ ತಂದಿದ್ಲು. ಕಾಯಿ ನಾ ಇಟ್ಕೊಂಡೆ. ನನ್ನ ಹೆಣ್ತಿ ಮೂರು ದಿನ ನನ್ನ ಜೋಡಿ ಮಾತಾಡ್ಲಿಲ್ಲ, ಆದ್ರ ಅದ ಕಾಯಿದು ಚಟ್ನಿ ಮಾಡಿದ್ಲು.

ರಾಕೆಟ್ಟಿನ ಹುಚ್ಚು ನನಗ ಹಚ್ಚಿದಾವ ನನ್ನ ದೋಸ್ತ. ಧಾರವಾಡದಾವ, ಸಾಲ್ಯಾಗ ಡ್ರಾಯಿಂಗ್ ಮಾಸ್ತರ ಆಗಿ ರಿಟೈರ್ ಆದಾವ. ಸಣ್ಣಾವ್ರಿದ್ದಾಗ ಇಬ್ಬರೂ ಒಂದ ಬೆಂಚು. ನಾ ಅವಗ ಮಾಸ್ತರ ಅಂತೇನಿ, ಅವಾ ನನಗ ಬಡಿಗ್ಯಾ ಅಂತಾನ. ಧಾರವಾಡದ ಮಂದಿ ಅಂದ್ರ ಗೊತ್ತಲ್ಲ, ಬೈಯೂದಿದ್ರೂ ಮೊದಲ ಕುಂಡ್ರಿಸಿ ನೀರು ಕೊಟ್ಟು, ಆಮ್ಯಾಲೆ ಬೈತಾರ. ನಮ್ಮ ಹುಬ್ಬಳ್ಳ್ಯಾಗ ಅಷ್ಟು ಪುರಸೊತ್ತಿಲ್ಲ.

ರಷ್ಯಾ ದೇಶ ಒಡದ ಮ್ಯಾಲೆ ಅವರ ದಪ್ಪ ದಪ್ಪ ಪುಸ್ತಕಾ ಧಾರವಾಡದ ಫುಟ್‌ಪಾತಿಗೆ ಬಂದು ಬಿದ್ವು. ಮಾಸ್ತರ ಒಂದು ಆರಿಸ್ಕೊಂಡು ಬಂದ. ಅದರಾಗ ಹಳೇ ರಾಕೆಟ್ಟುಗಳ ಚಿತ್ರ, ಅಡ್ಡ ಸೀಳಿದ್ದು, ಉದ್ದ ಸೀಳಿದ್ದು, ಅಳತಿ ಸಮೇತ. ಅವನೇ ಕುಂತು ಲೆಕ್ಕ ಹಾಕಿ, ಐವತ್ತಕ್ಕ ಒಂದು ಪಾಲಿಗೆ ಇಳಿಸಿ, ಡ್ರಾಯಿಂಗ್ ಮಾಡಿ ಕೊಡಾವ. ನಾ ಕಟಗಿಯಾಗ ಇಳಸಾವ. ಜರ್ಮನಿಯವ್ರು ಯುದ್ಧದಾಗ ಹಾರಿಸಿದ್ದು ಮಾಡಿದ್ವಿ, ಅಮೆರಿಕಾದವ್ರ ಎರಡು ಮಾಡಿದ್ವಿ. ಎಂಜಿನ್ನಿನ ಸಣ್ಣ ಮೂತಿಗಳಿಗೆ ಬಾಲ್‌ಪೆನ್ನಿನ ಹಿತ್ತಾಳಿ ತುದಿ ಹಚ್ಚೂ ಆಯ್ಡಿಯಾ ನಂದ. ಮೈಮ್ಯಾಲೆ ಹಾಯೂ ಕೇಬಲ್ಲಿನ ಸಲುವಾಗಿ ಕಸಬರಿಗಿ ಕಡ್ಡಿ ಸೀಳಿದ್ದೂ ನಾನ. ಡ್ರಾಯಿಂಗ್ ಅವಂದ ಅಷ್ಟ.

ಆಮ್ಯಾಲೆ ಮಾಸ್ತರನ ಕಣ್ಣಾಗ ಪೊರಿ ಬಂತು. ಒಂದು ಕಣ್ಣು ಆಪರೇಶನ್ ಮಾಡಿದ್ರು. ಹಸರು ಪಟ್ಟಿ ಬಿಚ್ಚಿದ ಮ್ಯಾಲೆ ದಪ್ಪ ಚಸ್ಮಾ ಬಂತು. ಅದರ ಹಿಂದ ಅವನ ಕಣ್ಣು ಮೀನಿನಷ್ಟು ದೊಡ್ಡವು ಕಾಣತಿದ್ವು. ನಾ ಅದನ್ನ ಹೇಳಿದೆ ಕೂಡ. ಅವಾ ನಗಲಿಲ್ಲ.

"ಬಡಿಗ್ಯಾ, ಗೆರಿ ಕೂಡತಾವಿಲ್ಲೋ ನನಗ ತಿಳೀವಲ್ದು. ಕೂಡಿದಂಗ ಕಾಣತಾವ. ಖರೇ ಕೂಡ್ಯಾವೋ, ಕಣ್ಣು ಸುಳ್ಳ ಹೇಳತೈತೋ ಯಾರಿಗ್ಗೊತ್ತು?"

ಅವನ ಹೆಣ್ತಿ, ನಾ ವೈನಿ ಅಂತೇನಿ, ಅಡಗಿಮನಿಯಿಂದ ಹೇಳಿದ್ಲು. "ಸಾಕ ಮಾಡ್ರಿ ಅಂತ ನಾ ದಿನಾ ಹೇಳಾಕತ್ತೇನಿ. ಇದ್ದ ಕಣ್ಣಾದ್ರೂ ಉಳೀಲಿ."

ಮಾಸ್ತರ ಆವತ್ತ ಒಂದು ಮಾತು ತಗದ. ರಷ್ಯಾದವ್ರು ಮೊದಲನೇ ಮನಷ್ಯಾನ್ನ ಆಕಾಶಕ್ಕ ಕಳಿಸಿದ ರಾಕೆಟ್ಟು ಮಾಡೋಣು. ಈ ಸಲ ಬರೇ ಡ್ರಾಯಿಂಗ್ ಅಲ್ಲ, ಮ್ಯಾಲಿನ ಅರ್ಧಾ ನನ್ನ ಕೈಲೇ ಮಾಡ್ತೇನಿ, ಕೆಳಗಿನ ಅರ್ಧಾ ನೀ ಮಾಡು. ಒಬ್ಬರದು ಒಬ್ಬರು ನೋಡಬಾರ್ದು. ಕಡೀಕ ತಂದು ಕೂಡ್ರಸೋಣು.

"ಕೂಡ್ತಪಾ ಅಂದ್ರ ಮುಂದೂ ಡ್ರಾಯಿಂಗ್ ಮಾಡ್ತೇನಿ. ಕೂಡ್ಲಿಲ್ಲ, ಇನ್ನ ಪೆನ್ಸಿಲ್ ಮುಟ್ಟಂಗಿಲ್ಲ. ಆಕೀಗೂ ಸಮಾಧಾನ, ನನಗೂ ಸಮಾಧಾನ."

ವೈನಿ ಪಾತ್ರಿ ಹಿಡಿಯೂ ಸಾಂಡಶಿ ಹಿಡಕೊಂಡು ಬಾಗಲದಾಗ ನಿಂತಿದ್ಲು. "ಮಾತು ಅಂದ್ರ ಮಾತು ಮತ್ತ," ಅಂದ್ಲು.

ಆ ರಾಕೆಟ್ಟು ನೋಡಾಕ ಭಾಳ ವಿಚಿತ್ರ. ನಡುವ ಒಂದು ಉದ್ದನ ಕಂಬ. ಅದಕ್ಕ ನಾಕು ಕಡೆ ಗಜ್ಜರಿಯಂಥಾ ನಾಕು ಪಕ್ಕದ ರಾಕೆಟ್ಟು ಆತಗೊಂಡಿರತಾವ. ಇದಿಷ್ಟು ನನ್ನ ಪಾಲು. ಕಂಬದ ತುದಿಗೆ ಒಂದು ಜಾಳಿಗಿ, ಅಂದ್ರ ಅಡ್ಡಡ್ಡ ಸರಳಿನ ಪಂಜರ. ಅದರ ಮ್ಯಾಲೆ ಮನಷ್ಯಾ ಕುಂತ ಟೊಪಗಿ. ಅದು ಮಾಸ್ತರನ ಪಾಲು. ಅವಾ ಹಿತ್ತಾಳಿ ತಂತಿ ಕತ್ತರಿಸಿ, ಬೆಸಗಿ ಹಾಕಿ ಜಾಳಿಗಿ ಮಾಡೂದು. ಆ ಜಾಳಿಗಿಯ ಕಾಲು ನನ್ನ ಕಂಬದ ಕೊಳ್ಳಾಗಿನ ತೂತಿನಾಗ ಇಳೀಬೇಕು. ಸೂಜಿ ತುದಿಯಷ್ಟು ಆಕಡೆ-ಈಕಡೆ ಆದ್ರೂ ಇಳಿಯಂಗಿಲ್ಲ.

ನಾ ಮಳಿಗಾಲ ಪೂರ್ತಿ ಕುಂತು ನನ್ನ ಪಾಲು ಮುಗಿಸಿದೆ. ಹೆಂಗಿತ್ತಂದ್ರ, ನನ್ನ ಹೆಣ್ತಿ, ನನ್ನ ಕೆಲಸಕ್ಕ ಒಂದು ದಿನಾ ಛಲೋ ಅನ್ನಲಾರದಾಕಿ, ಬೂದಿ ಬಣ್ಣಾ ಹಚ್ಚಿದ ಮ್ಯಾಲೆ ಬಂದು ಒಂದು ಸುತ್ತು ಹಾಕಿ, "ಧೂಳ ಬೀಳತೈತಿ, ಏನರ ಮುಚ್ಚರಿ," ಅಂದ್ಲು. ತನ್ನ ಹಳೇ ಇಳಕಲ್ ಸೀರಿ ತುಂಡು ಕೊಟ್ಲು. ಅದರಾಗ ಸುತ್ತಿ, ಕೂಸಿನಂಗ ಎತಗೊಂಡು ಧಾರವಾಡದ ಬಸ್ ಹತ್ತಿದೆ.

ಕಂಡಕ್ಟರ ಬಂದು ಸೀರಿ ಸರಿಸಿ ನೋಡಿದ. "ಏನ್ರಿ ಯಜಮಾನ್ರ ಇದು?"

"ರಾಕೆಟ್ಟು."

"ಎಲ್ಲೀಗ್ರಿ?"

"ಸದ್ಯಕ್ಕ ಧಾರವಾಡಕ್ಕ. ಮುಂದ ಅದರ ನಶೀಬ."

"ಲಗೇಜ್ ಆಕ್ಕೈತ್ರಿ."

"ಆಗ್ಲಿ. ಆದ್ರ ಬೀಡಿ ಸೇದಾವ್ರು ಇದ್ರ ಹಿಂದ ಕುಂಡ್ರಾಕ ಹೇಳ್ರಿ. ಟಾಕಿ ತುಂಬೇತಿ."

ನನ್ನ ಬಾಜೂ ಕುಂತ ಹೆಬ್ಬಳ್ಳಿ ರೈತ ಒಬ್ಬಾವ ಕಿವ್ಯಾಗಿನ ಬೀಡಿ ತಗದು ಅಂಗಿ ಒಳಗ ಇಟ್ಕೊಂಡ. ನವನಗರ ದಾಟೂತನ ಅವಾ ನನ್ನ ಮಾರಿ ನೋಡ್ಲೇ ಇಲ್ಲ, ಬರೇ ಆ ಸೀರಿ ಗಂಟು ನೋಡತಿದ್ದ. ಇಳಿಯೂ ಮುಂದ ಕೇಳಿದ, "ಸರಕಾರದ್ದ ಏನ್ರಿ?" ಅಂತ. "ಇಲ್ಲ, ಮನೀದು," ಅಂದೆ. ಅವಗ ಅದೂ ಖರೇ ಅನಿಸಿತು.

ಮಾಸ್ತರನ ಪಡಸಾಲ್ಯಾಗ ಟೀಪಾಯಿ ಮ್ಯಾಲೆ ನನ್ನ ಅರ್ಧಾ ನಿಂದ್ರಿಸಿದ್ವಿ. ಮಾಸ್ತರ ತನ್ನ ಅರ್ಧಾ ಒಳಗಿಂದ ತಂದ. ಸುಳ್ಳ್ಯಾಕ ಹೇಳ್ಲಿ, ಚಂದಿತ್ತು. ಜಾಳಿಗಿ ಅಂದ್ರ ಜೇಡರ ಬಲಿ ಇದ್ದಂಗಿತ್ತು. ನನಗ ಅಷ್ಟು ಸೇರಲಿಲ್ಲ. ವೈನಿ ಚಾ ಇಟ್ಟು ಬಂದು ನಿಂತ್ಲು. ಮಾಸ್ತರ ಉಸರು ಹಿಡದು ಕೆಳಗ ಇಳಿಸಿದ.

ಇಳೀಲಿಲ್ಲ.

ಒಂದು ಕಾಲು ತೂತಿನಾಗ ಹೋದ್ರ ಎದುರಿನ ಕಾಲು ಅಂಚಿನ ಮ್ಯಾಲೆ ನಿಲ್ಲತಿತ್ತು. ತಿರುವಿದ. ಮತ್ತ ಹಂಗ. ಇನ್ನೊಂದು ಸುತ್ತು ತಿರುವಿದ. ಅವನ ಹಣಿಮ್ಯಾಲೆ ಬೆವರು ಬಂತು.

"ತಡಿ, ಹಂಗ ಒತ್ತಬ್ಯಾಡ, ಮುರದೀತು," ಅಂತ ಹೇಳಿ ಜೋಳಗ್ಯಾಗಿಂದ ನನ್ನ ಉಕ್ಕಿನ ಪಟ್ಟಿ ತಗದೆ. ಮೊದಲ ನಂದ ಅಳದೆ. ಕಂಬದ ಎತ್ತರ, ಡ್ರಾಯಿಂಗಿನಾಗ ಇದ್ದಷ್ಟ. ಕೊಳ್ಳು, ಇದ್ದಷ್ಟ. ಪಕ್ಕದ ನಾಕೂ, ಇದ್ದಷ್ಟ. ಒಂದೊಂದು ಅಳತಿ ಒದರಿ ಒದರಿ ಹೇಳಿದೆ, ಓಣ್ಯಾಗಿನವ್ರಿಗೂ ಕೇಳ್ಲಿ ಅಂತ. ಆಮ್ಯಾಲೆ ಅವಂದು ಅಳದೆ. ಜಾಳಿಗಿ ಕಡಿಮಿ. ಟೊಪಗಿ ಕಡಿಮಿ. ಅದನ್ನೂ ಒದರಿದೆ. ಅವಗ ನೋವಾಕ್ಕೈತಿ ಅಂತ ನನಗೇನು ಗೊತ್ತು, ಒದರೂದು ರೂಢಿ.

ಮಾಸ್ತರ ತನ್ನ ಅರ್ಧಾ ಎತ್ತಿ ಕಿಡಕ್ಯಾಗ ಇಟ್ಟ. ಚಸ್ಮಾ ತಗದು ಧೋತರದ ಚುಂಗಿಲೆ ಒರಸಿದ, ಒರಸೇ ಒರಸಿದ.

"ಆತು ಬಿಡು," ಅಂದ.

ನಾ ಅಂದೆ, "ಲೇ ಮಾಸ್ತರ, ನಿನ್ನ ರಾಕೆಟ್ಟಿನ ತಲಿ ಸಣ್ಣದಾಗೇತಿ, ಅದರಾಗ ಕುಂತಾವ ಮನಷ್ಯಾ ಅಲ್ಲ, ಮಂಗ್ಯಾ ಇರಬೇಕು." ನನ್ನ ಚ್ಯಾಷ್ಟಿ ಯಾವಾಗ್ಲೂ ಕೆಲಸ ಮಾಡತೈತಿ. ಆವತ್ತ ಮಾಡ್ಲಿಲ್ಲ. ವೈನಿ ಚಾ ಕಪ್ಪು ತಗೊಂಡು ಒಳಗ ಹೋದ್ಲು. ಗೆದ್ದಾಕಿ ಆಕೀನ, ಆದ್ರ ಮಾರಿ ನೋಡಿದ್ರ ಹಂಗ ಅನಸ್ತಿರ್ಲಿಲ್ಲ.

ಮರುವಾರ ಹೋದಾಗ ಡ್ರಾಯಿಂಗ್ ಬೋರ್ಡು ಇದ್ದ ಜಾಗಾದಾಗ ಒಣಗಿದ ಅರಬಿ ಮಡಚಿ ಇಟ್ಟಿದ್ರು. ಮಾಸ್ತರ ರೇಡಿಯೋ ಮುಂದ ಕುಂತಿದ್ದ, ರೇಡಿಯೋ ಬಂದ್ ಇತ್ತು. ರಾಕೆಟ್ ಮಾತು ತಗದ್ರ ಮಳಿ-ಬೆಳಿ ಮಾತಾಡಾವ. ಒಂದೂ ಎಕರೆ ಹೊಲ ಇಲ್ಲದಾವ ಮಳಿ-ಬೆಳಿ ಮಾತಾಡ್ತಾನ ಅಂದ್ರ ಏನು ತಿಳೀಬೇಕು? ನಾ ಬಂದೆ. ಬಸ್ಸಿನಾಗ ಯಾರಿಗೂ ಸುಳ್ಳ ಹೇಳ್ಲಿಲ್ಲ.

ಆಮ್ಯಾಲೆ ಒಂದು ರವಿವಾರ ಮುಂಜಾನೆ ನಾ ಶೆಡ್ಡಿನಾಗಿದ್ದೆ. ಗೇಟು ಸಪ್ಪಳಾತು. ನೋಡ್ತೇನಿ, ಮಾಸ್ತರ. ಹುಬ್ಬಳ್ಳಿಗೆ ಬಂದ್ರ ತಲಿ ನೋಯತೈತಿ ಅನ್ನೂ ಆಸಾಮಿ, ಒಬ್ಬನ ಬಸ್ ಹತ್ತಿ ಗೋಪನಕೊಪ್ಪಕ್ಕ ಬಂದಾನ. ಕೈಯಾಗ ಒಂದು ಉದ್ದನ ಚೀಲ.

"ಬಡಿಗ್ಯಾ, ನಿನ್ನ ಪಟ್ಟಿ ತಗಿ."

"ಮೊದಲ ಕುಂಡ್ರು. ಚಾ ಕುಡಿ."

"ಚಾ ಆಮ್ಯಾಲೆ. ಆವತ್ತ ನೀ ಅಳತಿ ಒದರಾಕತ್ತಿದ್ದೆಲ್ಲ, ನನ್ನ ಕಣ್ಣು ಹೋಗ್ಯಾವ ಅಂದ್ರ ಕಿವೀನೂ ಹೋಗ್ಯಾವೇನು? ಎಲ್ಲಾ ನೆನಪೈತಿ. ಸಣ್ಣ ಅಳತಿಗೆ ಸಣ್ಣಷ್ಟು ಕಡಿಮಿ, ದೊಡ್ಡ ಅಳತಿಗೆ ದೊಡ್ಡಷ್ಟು ಕಡಿಮಿ. ಒಂದೂ ಜಾಸ್ತಿ ಇಲ್ಲ."

"ಹೌದು. ನಿನ್ನ ಕಣ್ಣು—"

"ಕಣ್ಣು ತಪ್ಪಿದ್ರ ಹುಚ್ಚುಚ್ಚಾರ ತಪ್ಪತಾವೋ! ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮಿ. ಇದು ಶಿಸ್ತಿಲೆ ತಪ್ಪೇತಿ. ಒಂದ ಪಾಲಿನಾಗ. ಕಣ್ಣಿಗೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು? ಇಷ್ಟು ದಿನಾ ರೇಡಿಯೋ ಮುಂದ ಕುಂತು ಇದನ್ನ ವಿಚಾರ ಮಾಡಾಕತ್ತಿದ್ದೆ. ಪಟ್ಟಿ ತಗಿ."

ಅವಾ ಚೀಲದಾಗಿಂದ ಸಾಲಿಯೊಳಗ ವಾಪರಸ್ತಿದ್ದ ತನ್ನ ಉಕ್ಕಿನ ಪಟ್ಟಿ ತಗದ. ನನ್ನ ಪಟ್ಟಿ ಮಗ್ಗಲಕ ಇಟ್ಟ. ಎರಡರ ಸೊನ್ನಿ ಸೊನ್ನಿಗೆ ಕೂಡಿಸಿದ. ಮೊದಲಿಗೆ ಗೆರಿ ಗೆರಿಗೆ ಕೂಡಿದಂಗ ಇತ್ತು. ಮುಂದ ಹೋದಂಗೆಲ್ಲಾ ನನ್ನ ಪಟ್ಟಿಯ ಗೆರಿ ಮೆಲ್ಲಕ ಮುಂದ ಸರದ್ವು. ಫೂಟಿನ ಕಡೀಕ ಬರೂದ್ರಾಗ ಒಂದು ಜ್ವಾಳದ ಕಾಳು ಕೂಡ್ರೂವಷ್ಟು ಸಂದು.

ನನ್ನ ಪಟ್ಟಿ ಎತ್ತಿ ನೋಡಿದೆ. ಅದು ಏನು ಅಂತ ನನಗ ಆ ಕ್ಷಣಕ್ಕ ಗೊತ್ತಾತು. ಜಗತ್ತಿನಾಗ ಎಲ್ಲಾರಿಗಿಂತ ಚಲೋ ನನಗ ಗೊತ್ತಿರಬೇಕು.

ಕರಗಿದ ಬೀಡು ಆರಿದ ಮ್ಯಾಲೆ ಕುಗ್ಗತೈತಿ. ಹಂಗಾಗಿ ಕಟಗಿ ಪ್ಯಾಟರ್ನ್ ಯಾವಾಗ್ಲೂ ಒಂದ ಚೂರು ದೊಡ್ಡದ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕೂದು ಯಾರು? ಅದಕ್ಕ ನಮ್ಮ ಧಂಧೇದಾಗ ಬ್ಯಾರೆ ಪಟ್ಟಿ ಇರತೈತಿ. ಅದರ ಇಂಚು ಹುಟ್ಟಾ ದೊಡ್ಡ ಇಂಚು. ನಾವು ಅದಕ್ಕ ಉಬ್ಬುಪಟ್ಟಿ ಅಂತಿದ್ವಿ. ನೋಡಾಕ ಸಾದಾ ಪಟ್ಟಿ ಇದ್ದಂಗ ಇರತೈತಿ. ಹೊಸದಾಗಿ ಕಾರ್ಖಾನಿಗೆ ಸೇರಿದವ್ರ ಕೈಯಾಗ ನಾ ಅದನ್ನ ಕೊಟ್ಟು ಕಿಡಕಿ ಗಾಜು ಅಳೀಲಾಕ ಹಚ್ಚಿ, ಗಾಜು ಕೂಡಲಾರದ್ದು ನೋಡಿ ನಕ್ಕು ನಕ್ಕು ಸಾಯತಿದ್ದೆ. ಜನ್ಮಪೂರ್ತಿ ಅದನ್ನ ಹಿಡದು ಹಿಡದು ನನ್ನ ಕೈ ಜೋಳಗ್ಯಾಗ ಹೋದ್ರ ತಾನ ಅದನ್ನ ಹುಡಕತಿತ್ತು. ಹಿಂದಿನ ರಾಕೆಟ್ಟೆಲ್ಲಾ ನಾ ಒಬ್ಬನ ಮಾಡಿದ್ದೆ, ಹಂಗಾಗಿ ಎಲ್ಲಾ ಭಾಗಾನೂ ನನ್ನ ಇಂಚಿನಾಗ ಇದ್ವು, ತಮ್ಮ ತಮ್ಮೊಳಗ ಕೂಡಿದ್ವು. ಈಗ ಮೊದಲನೇ ಸಲ ಬ್ಯಾರೆಯವ್ರ ಇಂಚಿನ ಜೋಡಿ ಸಂಬಂಧ ಬೆಳಸಾಕ ಹೋಗಿತ್ತು.

ಚಾ ತಂದಿದ್ದ ನನ್ನ ಹೆಣ್ತಿ ಎಲ್ಲಾ ಕೇಳಿಸ್ಕೊಂಡು ನಿಂತಿದ್ಲು.

"ಅಂದ್ರ ನಮ್ಮ ಕಪಾಟಿನ ಡ್ರಾವರ್ ಒಳಗ ಸರಿಸಾಕ ಬರೂದಿಲ್ಲೆಲ್ಲ, ಅದೂ ಇದೇ ಪಟ್ಟೀದ?"

"ಅದು ಮಳಿಗಾಲದ ಥಂಡಿಗೆ ಉಬ್ಬೇತಿ," ಅಂದೆ.

"ಬ್ಯಾಸಿಗ್ಯಾಗೂ ಬರೂದಿಲ್ಲ."

ಮಾಸ್ತರ ನಗಾಕತ್ತ. ಎಷ್ಟು ನಕ್ಕ ಅಂದ್ರ ದಪ್ಪ ಚಸ್ಮಾದ ಹಿಂದ ನೀರು ಬಂದು ಕಣ್ಣು ಮತ್ತಷ್ಟು ದೊಡ್ಡವಾದ್ವು. ನಾನೂ ಬಿಡ್ಲಿಲ್ಲ.

"ನಗು ನಗು. ಆದ್ರ ತಪ್ಪು ನಂದಲ್ಲ. ನಾ ಮಾಡಿದ್ದು ಎರಕಕ್ಕ ಬರೋಬ್ಬರಿ ಐತಿ. ಬೀಡಿನಾಗ ಹೊಯ್ದು ನೋಡು, ಕುಗ್ಗಿ ನಿನ್ನ ಡ್ರಾಯಿಂಗಿಗೆ ಕೂದಲೆಳಿ ತಪ್ಪಲಾರದಂಗ ಕೂಡತೈತಿ."

ಇದು ಮಾರಿ ಉಳಿಸ್ಕೊಳ್ಳಾಕ ಆಡಿದ ಮಾತು. ಆದ್ರ ಮಾಸ್ತರ ನಗೂದು ನಿಲ್ಲಿಸಿಬಿಟ್ಟ.

"ಹೊಯ್ಯಿ," ಅಂದ.

"ಏನು?"

"ಹೊಯ್ಯಿ ಅಂದೆ. ಪಟ್ಟಿ ತಪ್ಪು ಅಂತ ಗೊತ್ತಾತು. ಆದ್ರ ನನ್ನ ಗೆರಿ ಬರೋಬ್ಬರಿ ಅದಾವ ಅಂತ ಇನ್ನೂ ಗೊತ್ತಾಗಿಲ್ಲ. ಜಾಳಿಗಿ ಇಳೀಬೇಕು. ನಮ್ಮ ಮನ್ಯಾಕಿ ಮುಂದ ನಾ ಆಡಿದ ಮಾತು ಕೂಡೂದರದ್ದು, ಪಟ್ಟೀದಲ್ಲ."

ಧಾರವಾಡದ ಮಂದಿ ಹಿಂಗ. ನಿಮ್ಮ ಬಡಾಯಿ ತಗೊಂಡು ನಿಮಗ ವಾಪಸ್ ಕೊಡತಾರ, ಮಾಡಿ ತೋರಸ್ರಿ ಅಂತ.

ಬಣ್ಣಾ ಎಲ್ಲಾ ಕೆರದ ತಗದೆ. ಬಾಲ್‌ಪೆನ್ನಿನ ಮೂತಿ, ಕಸಬರಿಗಿ ಕಡ್ಡಿ ಎಲ್ಲಾ ಕಿತ್ತೆ. ನನ್ನ ಚರ್ಮಾ ನಾನ ಸುಲದಂಗ ಆತು. ಒಂದು ಮಾತ್ರ ನಶೀಬ ಇತ್ತು: ರೂಢಿಯಿಂದ ನಾ ಕಂಬಾನ ಉದ್ದಕ ಎರಡು ಹೋಳು ಮಾಡಿ, ಗೂಟ ಹಾಕಿ ಕೂಡಿಸಿದ್ದೆ. ಉಸುಕಿನಾಗ ಒತ್ತಾಕ ಅದ ಬೇಕಾಗಿತ್ತು. ಮಾಲಕಗ ಹೊಸಾ ನಮೂನಿ ಪಂಪಿನ ಶಾಫ್ಟ್ ಅಂತ ಹೇಳಿದೆ. ಅವಾ ನೋಡಿದ, ಪಕ್ಕದ ನಾಕು ಗಜ್ಜರಿ ನೋಡಿದ, ಮತ್ತ ನನ್ನ ನೋಡಿದ. "ನಿಮ್ಮ ವಯಸ್ಸಿಗೆ ಬೆಲೆ ಕೊಟ್ಟು ಸುಮ್ನಿದ್ದೇನಿ," ಅಂದ. ವಾರದ ಕಡೀ ಎರಕದಾಗ ಮೂಲ್ಯಾಗ ಒಂದು ಪೆಟಿಗಿ ಜಾಗಾ ಕೊಟ್ಟ.

ಆರಿ, ಉಸುಕು ಕೊಡವಿ ತಗದ್ರ ಕರೀ ಬೀಡಿನ ರಾಕೆಟ್ಟು. ಎತ್ತಾಕ ಹೋದ್ರ ಸೊಂಟ ಹಿಡೀತು. ಜಗತ್ತಿನಾಗ ಇದಕ್ಕಿಂತ ಹಾರಲಾರದ ರಾಕೆಟ್ಟು ಯಾವನೂ ಮಾಡಿಲ್ಲ, ಅದೂ ನನ್ನ ಹೆಸರಿಗ ಬರ್ಕೊಳ್ರಿ. ಕಾನಸಿಲೆ, ಅಂದ್ರ ಅರದಿಲೆ, ಉಜ್ಜಿ, ಮಾಸ್ತರನ ಡ್ರಾಯಿಂಗ್ ನೋಡಿ, ಅವನ ಪಟ್ಟಿ ಹಿಡದು, ಕೊಳ್ಳಾಗ ತೂತು ಕೊರದೆ. ಈ ಸಲ ಬಸ್ಸಿನಾಗ ಅದನ್ನ ಒಯ್ಯಾಕ ಆಗೂದಿಲ್ಲ. ಮಾಸ್ತರ, ವೈನಿ ಇಬ್ಬರೂ ಗೋಪನಕೊಪ್ಪಕ್ಕ ಬಂದ್ರು. ವೈನಿ ತೊಡಿಮ್ಯಾಲೆ ಜಾಳಿಗಿಯ ಡಬ್ಬಿ ಇಟ್ಕೊಂಡು ಬಂದಿದ್ಲು. ಯಾರಿಗೂ ತಾಗಬಾರ್ದು ಅಂತ ಎರಡೂ ಕೈ ಅಡ್ಡ ಹಿಡದು ಬಂದ್ಲಂತ, ಮಾಸ್ತರ ಆಮ್ಯಾಲೆ ಹೇಳಿದ.

ಹಿತ್ತಲದಾಗ ಬಿಸಲಿತ್ತು. ಮಾಸ್ತರ ಜಾಳಿಗಿ ಮ್ಯಾಲಿಂದ ಹಿಡದ. ಕಾಕಾ ಕಂಪೌಂಡಿನ ಮ್ಯಾಲೆ ಗದ್ದ ಇಟ್ಟು ನೋಡತಿದ್ದ. ಕಾಲು ತೂತಿಗೆ ಮುಟ್ಟಿದ್ವು. ಮಾಸ್ತರ ಕೈ ಬಿಟ್ಟ. ಒತ್ತಲಿಲ್ಲ, ಬರೇ ಬಿಟ್ಟ. ಜಾಳಿಗಿ ತನ್ನ ಭಾರಕ್ಕ ತಾನ ಇಳದು ಕುಂತಿತು.

ವೈನಿ ಸೆರಗು ಸರಿ ಮಾಡ್ಕೊಂಡು, "ಹಂಗಾದ್ರ ಅರಬಿ ಇಡಾಕ ಬ್ಯಾರೆ ಜಾಗಾ ನೋಡಬೇಕು," ಅಂದ್ಲು.

ನಾ ಎದಿ ಉಬ್ಬಿಸಿ ನಿಂತೆ. "ನೋಡಿದ್ಯಾ ಮಾಸ್ತರ? ಹುಬ್ಬಳ್ಳಿ ಎರಕ ಅಂದ್ರ ಹಿಂಗ. ಒಂದು ಗೀರಿಲ್ಲ, ಒಂದು ಸೀಳಿಲ್ಲ."

ಅವಾ ಬಗ್ಗಿ, ದಪ್ಪ ಚಸ್ಮಾ ಕೊಳ್ಳಿನ ಹತ್ರ ತಂದು, ಒಂದು ಸುತ್ತು ನಿಧಾನಕ ತಿರುಗಿದ. ಜಾಳಿಗಿಯ ಹಿಂದಿನ ಕಾಲಿನ ಹತ್ರ ನಿಂತ. ಉಗರು ಇಟ್ಟ.

"ಇಲ್ಲೆ ಒಂದು ಕೂದಲೆಳಿ ಸೀಳ ಐತಿ. ಎರಡು ಕಡಿಂದ ಬಂದ ಬೀಡು ಇಲ್ಲೆ ಸರಿ ಕೂಡಿಲ್ಲ."

ನಾ ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ. ನನ್ನ ಚಸ್ಮಾ ತರಿಸಿ ನೋಡಿದೆ. ಆವಾಗೂ ಕಾಣಲಿಲ್ಲ. ಕಡೀಕ ಅವನ ಉಗರು ಇದ್ದಲ್ಲೆ ನನ್ನ ಉಗರು ಇಟ್ಟು ಎಳದೆ. ತಾಗಿತು.